ಶಂಟಿಂಗ್ ಎಂಜಿನ್ನಿಗೆ ಮಸಿ ಬಳಿದ ಕಥೆ

ಆಡುಗೋಡಿಯ ಮೈಕೋ ಕಾರ್ಖಾನೆಯಲ್ಲಿ ನಾನು ಮಾಡಿದ್ದೆಲ್ಲ ಹೊಗೆಯ ವಿರುದ್ಧದ ಕೆಲಸ. ಡೀಸೆಲ್ ಎಂಜಿನ್ನಿಗೆ ಎಣ್ಣೆ ಚಿಮ್ಮಿಸುವ ಪಂಪು, ಅದರ ತುದಿಯ ನಾಝಲ್ಲು, ಇವನ್ನು ಟೆಸ್ಟ್ ಬೆಂಚಿಗೆ ಹತ್ತಿಸಿ, ಎಣ್ಣೆ ನುಣ್ಣಗೆ ಚದುರುತ್ತದೋ ಹನಿಹನಿಯಾಗಿ ಒಸರುತ್ತದೋ ನೋಡುವುದು. ಒಸರಿದ ಎಣ್ಣೆ ಪೂರ್ತಿ ಉರಿಯುವುದಿಲ್ಲ. ಅರೆಬೆಂದದ್ದು ಮಸಿಯಾಗಿ ಸೈಲೆನ್ಸರಿನಿಂದ ಹೊರಗೆ ಬೀಳುತ್ತದೆ. ಹೊಸೂರು ರೋಡಿನಲ್ಲಿ ಯಾವುದಾದರೂ ಲಾರಿ ಕಪ್ಪು ಹೊಗೆ ಬಿಟ್ಟುಕೊಂಡು ಮುಂದೆ ಹೋದರೆ ನನಗೆ ಮೈ ಉರಿಯುತ್ತಿತ್ತು. ಅಂಥವನು ನಿವೃತ್ತನಾದ ಮೇಲೆ, ಊಟದ ಮೇಜಿನ ಮೇಲೆ ಹಳೇ ಪೇಪರ್ ಹಾಸಿಕೊಂಡು, ಹನ್ನೆರಡು ಸೆಂಟಿಮೀಟರ್ ಉದ್ದದ ಮಾಡೆಲ್ ರೈಲು ಎಂಜಿನ್ನಿನ ನೆತ್ತಿಗೆ ಶ್ರದ್ಧೆಯಿಂದ ಮಸಿ ಬಳಿಯುತ್ತ ಕೂತೆ. "ಚೆನ್ನಾಗಿದ್ದ ಬಣ್ಣಾನ ಯಾಕ್ರೀ ಹೀಗೆ ಹಾಳು ಮಾಡ್ತೀರ?" ಎಂದು ನನ್ನ ಹೆಂಡತಿ ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ಉತ್ತರ ಮಾತ್ರ ಸ್ವಲ್ಪ ಉದ್ದ.

ಮೈಕೋ 1951ರಲ್ಲಿ ಹುಟ್ಟಿದ್ದೇ ಜರ್ಮನಿಯ ಬಾಷ್ ಕಂಪನಿಯ ನಂಟಿನಿಂದ. ಆ ನಂಟಿನ ದೆಸೆಯಿಂದ ನಮ್ಮಲ್ಲಿ ಕೆಲವರಿಗೆ ಸ್ಟುಟ್‌ಗಾರ್ಟಿನಲ್ಲಿ ತರಬೇತಿಯ ಯೋಗ ಬರುತ್ತಿತ್ತು. ನನಗೆ ಬಂದದ್ದು 1989ರಲ್ಲಿ. ಫಾಯರ್‌ಬಾಖ್ ಎಂಬ ಬಡಾವಣೆಯಲ್ಲಿ ಕಾರ್ಖಾನೆ, ಅಲ್ಲೇ ಹತ್ತಿರ ಬಾಡಿಗೆ ಕೋಣೆ. ವಾರವೆಲ್ಲ ಪಂಪು, ನಾಝಲ್ಲು. ಶನಿವಾರ ಭಾನುವಾರ ಏನು ಮಾಡುವುದು? ದಿನಭತ್ಯೆಯಲ್ಲಿ ನಾಲ್ಕು ಕಾಸು ಉಳಿಸಿ ಊರಿಗೆ ಒಯ್ಯಬೇಕೆಂಬ ಹಟ ಬೇರೆ. ಸಸ್ಯಾಹಾರಿಗೆ ಅಲ್ಲಿ ಹೋಟೆಲಿನ ಆಸೆಯೂ ಇರಲಿಲ್ಲ. ಖರ್ಚಿಲ್ಲದೆ ಹೊತ್ತು ಹೋಗುವ ಜಾಗವೆಂದರೆ ರೈಲ್ವೆ ಸ್ಟೇಷನ್. ಬ್ರೆಡ್ಡಿಗೆ ಉಪ್ಪಿನಕಾಯಿ ಸವರಿ ಕಟ್ಟಿಕೊಂಡು ಹೋಗಿ ಪ್ಲಾಟ್‌ಫಾರ್ಮಿನ ಕೊನೆಯ ಬೆಂಚಿನಲ್ಲಿ ಕೂತುಬಿಡುತ್ತಿದ್ದೆ.

ಆ ಸ್ಟೇಷನ್ನಿನಲ್ಲಿ ಹಳಿಗಳು ಬಂದು ನಿಂತುಬಿಡುತ್ತಿದ್ದವು, ದಾಟಿ ಆಚೆ ಹೋಗುತ್ತಿರಲಿಲ್ಲ. ಗಾಡಿ ಒಳಗೆ ಬಂತೆಂದರೆ ಅದನ್ನು ಎಳೆದು ತಂದ ಎಂಜಿನ್ ಗೋಡೆಯ ಕಡೆಗೆ ಸಿಕ್ಕಿಕೊಳ್ಳುತ್ತದೆ, ಹಿಂದೆ ಬೋಗಿಗಳು, ಮುಂದೆ ಬಫರು. ಬೋಗಿಗಳನ್ನು ಹಿಂದಿನಿಂದ ಹಿಡಿದು ಯಾರ್ಡಿಗೆ ಎಳೆದೊಯ್ಯಲು ಇನ್ನೊಂದು ಎಂಜಿನ್ ಬರಲೇಬೇಕು. ಬೆಳಗಿನಿಂದ ಸಂಜೆಯವರೆಗೆ ಆ ಚಾಕರಿ ಮಾಡುತ್ತಿದ್ದ ಶಂಟಿಂಗ್ ಎಂಜಿನ್ನಿನ ಹೆಸರು ವಿ 60. ದೂರದ ಊರುಗಳಿಂದ ಬರುವ ಎಕ್ಸ್‌ಪ್ರೆಸ್ಸುಗಳ ಎಲೆಕ್ಟ್ರಿಕ್ ಎಂಜಿನ್ನುಗಳನ್ನು ಎಲ್ಲರೂ ನೋಡುತ್ತಾರೆ. ನಾನು ಡೀಸೆಲ್ಲಿನವನು. ನನ್ನ ಕಣ್ಣು, ಅದಕ್ಕಿಂತ ಮೊದಲು ನನ್ನ ಮೂಗು, ಇದರ ಕಡೆಗೇ ಹೋಗುತ್ತಿತ್ತು.

1955ರಿಂದ 1964ರವರೆಗೆ ಜರ್ಮನ್ ರೈಲ್ವೆಗೆಂದು ಇಂಥವು 942 ತಯಾರಾದವು. ಮೇಬಾಖ್ ಕಂಪನಿಯ 650 ಅಶ್ವಶಕ್ತಿಯ ಡೀಸೆಲ್ ಎಂಜಿನ್. ಎರಡು ಗೇರು: ಶಂಟಿಂಗಿಗೆ ಗಂಟೆಗೆ 30 ಕಿಲೋಮೀಟರ್, ಲೈನಿಗೆ ಹೋದರೆ 60. ಉದ್ದನೆಯ ಮೂತಿ, ಹಿಂದೆ ಗಿಡ್ಡ ಮೂತಿ, ನಡುವೆ ಡ್ರೈವರನ ಗೂಡು. ಸುತ್ತ ಕಟಕಟೆ ಹಾಕಿದ ಓಣಿಯಂಥ ಹಲಗೆ, ಮೂಲೆಗಳಲ್ಲಿ ಮೆಟ್ಟಿಲು. ಹಳಿಯ ಮೇಲೆ ಉರುಳುವ ಚಕ್ರ ಒಂದೊಂದು ಬದಿಗೆ ಮೂರು. ಆದರೆ ಅದೇ ಸಾಲಿನಲ್ಲಿ ನಾಲ್ಕನೆಯದೊಂದು ತಿರುಗುತ್ತಿರುತ್ತದೆ, ಅದು ಹಳಿ ಮುಟ್ಟುವುದೇ ಇಲ್ಲ. ಎಂಜಿನ್ನಿನ ಬಲ ಗೇರುಪೆಟ್ಟಿಗೆಯಿಂದ ಮೊದಲು ಆ ನಾಲ್ಕನೆಯದನ್ನು ಹೊತ್ತ ಅಡ್ಡದಂಡಕ್ಕೆ ಇಳಿದು, ಅಲ್ಲಿಂದ ರಾಡುಗಳ ಮೂಲಕ ಮೂರಕ್ಕೂ ಹಂಚಿಕೆಯಾಗುತ್ತದೆ. ಡೀಸೆಲ್ ಯುಗದಲ್ಲೂ ಉಗಿಬಂಡಿಯ ಹಾಗೆ ರಾಡು ಆಡಿಸಿಕೊಂಡು ಹೋಗುವ ಈ ಗಾಡಿಗೆ ಅಲ್ಲಿಯವರು ಮೂರುಕಾಲಿನದು ಎಂದು ಅಡ್ಡಹೆಸರಿಟ್ಟಿದ್ದರು.

ಅದರ ಮೈಮೇಲಿನ ನಂಬರಿನಲ್ಲೂ ಒಂದು ಕಥೆಯಿತ್ತು. 1968ರಿಂದ ಈ ಎಂಜಿನ್ನುಗಳು 260 ಮತ್ತು 261 ಎಂಬ ವರ್ಗದಲ್ಲಿದ್ದವು. 1987ರಲ್ಲಿ ರೈಲ್ವೆಯವರು ಇವನ್ನು ಕಾಗದದ ಮೇಲೆ "ಸಣ್ಣ ಎಂಜಿನ್" ಜಾತಿಗೆ ಇಳಿಸಿ 360, 361 ಮಾಡಿದರು. ಸಣ್ಣ ಎಂಜಿನ್ ಓಡಿಸಲು ಪೂರ್ತಿ ತರಬೇತಿಯ ಡ್ರೈವರ್ ಬೇಕಿಲ್ಲ, ಸಂಬಳದ ಉಳಿತಾಯ. ಐವತ್ತು ಟನ್ ಆಸುಪಾಸು ತೂಗುವ ಗಾಡಿ ಒಂದು ಆದೇಶದಿಂದ ಸಣ್ಣದಾಯಿತು. ಸರ್ಕಾರಗಳು ಎಲ್ಲ ಕಡೆಯೂ ಒಂದೇ ಎಂದು ನನಗೆ ಸಮಾಧಾನವಾದದ್ದು ಇದನ್ನು ಕೇಳಿದಾಗ. ನಂಬರಿನ ಕೊನೆಗೆ ಗೀಟು ಎಳೆದು ಒಂದು ಅಂಕಿ ಇರುತ್ತದೆ, ಅದು ಕಂಪ್ಯೂಟರಿನ ತಾಳೆಗಾಗಿ. ಎಡದಿಂದ ಒಂದೊಂದು ಅಂಕಿಯನ್ನೂ ಸರದಿಯಂತೆ ಒಂದರಿಂದ, ಎರಡರಿಂದ ಗುಣಿಸಿ, ಬಂದ ಅಂಕಿಗಳನ್ನೆಲ್ಲ ಕೂಡಿ, ಮುಂದಿನ ಹತ್ತಕ್ಕೆ ಎಷ್ಟು ಕಡಿಮೆಯೋ ಅದೇ ಕೊನೆಯ ಅಂಕಿ. ಮೊದಲಿನ 2 ಹೋಗಿ 3 ಬಂದರೆ ಕೊನೆಯ ಅಂಕಿ ಒಂದು ಇಳಿಯುತ್ತದೆ, ಸೊನ್ನೆಯಿದ್ದರೆ ಒಂಬತ್ತಾಗುತ್ತದೆ. ಅಂದರೆ ಪ್ರತಿ ಎಂಜಿನ್ನಿನ ಮೇಲೂ ಮೊದಲನೆಯದನ್ನೂ ಕೊನೆಯದನ್ನೂ ಬದಲಾಯಿಸಬೇಕು. ನಾನು ನೋಡಿದ ಕೆಂಪು ಎಂಜಿನ್ನಿನ ಮೇಲೆ ಆ ಎರಡು ಅಂಕಿಗಳ ಹಿಂದಿನ ಬಣ್ಣ ಹೊಸದಾಗಿತ್ತು, ಉಳಿದದ್ದೆಲ್ಲ ಬಿಸಿಲಿಗೆ ಬಿಳಿಚಿಕೊಂಡಿತ್ತು. ಆ ಎರಡು ಕೆಂಪು ಚೌಕಗಳು ನನ್ನ ತಲೆಯಲ್ಲಿ ಉಳಿದುಬಿಟ್ಟವು.

ಊರಿಗೆ ಹೊರಡುವ ಮೊದಲು ಮಾಡೆಲ್ ರೈಲಿನ ಅಂಗಡಿಗೆ ಹೋದೆ. ಸ್ಟುಟ್‌ಗಾರ್ಟಿಗೆ ಹತ್ತಿರದ ಗೋಪಿಂಗನ್ ಪಟ್ಟಣದ ಮ್ಯಾರ್ಕ್ಲಿನ್ ಕಂಪನಿ 1859ರಷ್ಟು ಹಳೆಯದು, ಅಲ್ಲಿ ಮಕ್ಕಳಿಗೂ ಅಜ್ಜಂದಿರಿಗೂ ಅದೇ ದೇವರು. ಆದರೆ ಅದರ ಎಂಜಿನ್ನಿಗೆ ಬೇಕಾದ ಕರೆಂಟಿನ ಏರ್ಪಾಡೇ ಬೇರೆ, ಬೆಲೆಯೂ ನನ್ನ ಕೈಗೆ ಎಟುಕುವಂಥದ್ದಲ್ಲ. ಆಸ್ಟ್ರಿಯದ ರೋಕೋ ಕಂಪನಿಯ ವಿ 60 ಸಿಕ್ಕಿತು, ನಿಜದ 87ರಲ್ಲಿ ಒಂದು ಅಳತೆ. ರಿಯಾಯಿತಿಯಲ್ಲಿದ್ದದ್ದು 1974ರಲ್ಲಿ ಬಂದ ನೀಲಿ–ತಿಳಿಹಳದಿ ಬಣ್ಣದ್ದು. ನನಗೆ ಬೇಕಿದ್ದದ್ದು ಅದಕ್ಕಿಂತ ಹಿಂದಿನ ಕಡುಗೆಂಪು. ಬಣ್ಣಕ್ಕಾಗಿ ದುಡ್ಡು ಹೆಚ್ಚು ಕೊಡುವ ಮನಸ್ಸಾಗಲಿಲ್ಲ. ನೀಲಿಯನ್ನೇ ಕಟ್ಟಿಸಿಕೊಂಡು ಬಂದೆ, ಸ್ವೆಟರಿನೊಳಗೆ ಸುತ್ತಿ.

ಆಮೇಲೆ ಅದು ನಮ್ಮ ಮನೆಯ ಶೋಕೇಸಿನಲ್ಲಿ ಚನ್ನಪಟ್ಟಣದ ಗೊಂಬೆಗಳ ಪಕ್ಕ ಬಹಳ ವರ್ಷ ನಿಂತಿತ್ತು. ಮಕ್ಕಳು ಬೆಳೆದರು, ಮದುವೆಯಾದರು. ಬಂದವರು "ಫಾರಿನ್ನಿಂದ ತಂದಿದ್ದಾ?" ಎಂದು ಕೇಳಿ ಸುಮ್ಮನಾಗುತ್ತಿದ್ದರು.

ನಿವೃತ್ತಿಯ ನಂತರ ಮೊದಲು ಮಾಡಿದ ಕೆಲಸ ಆ ನೀಲಿಯನ್ನು ತೆಗೆದದ್ದು. ಮೆಡಿಕಲ್ ಸ್ಟೋರಿನಿಂದ ಐಸೊಪ್ರೊಪೈಲ್ ಆಲ್ಕೊಹಾಲ್ ತಂದು, ಮೇಲಿನ ಪ್ಲಾಸ್ಟಿಕ್ ಮೈಯನ್ನು ಕಳಚಿ, ಕಿಟಕಿಯ ಗಾಜುಗಳನ್ನು ಬಿಡಿಸಿಟ್ಟು, ಮುಚ್ಚಳದ ಡಬ್ಬಿಯಲ್ಲಿ ನೆನೆಹಾಕಿದೆ. ಬಣ್ಣ ಸಡಿಲವಾದ ಮೇಲೆ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಮೆಲ್ಲಗೆ ತಿಕ್ಕಬೇಕು. ಇಲ್ಲಿ ಪೆಯಿಂಟಿನ ಥಿನ್ನರ್ ಹಾಕಿದರೆ ಬಣ್ಣದ ಜೊತೆ ಪ್ಲಾಸ್ಟಿಕ್ಕೂ ಕರಗುತ್ತದೆ. ಅವಸರ ಮಾಡಬಾರದು. ಮೈಯೆಲ್ಲ ಬೋಳಾದ ಮೇಲೆ ಕಂಡದ್ದು ಅಚ್ಚಿನ ಕೆಲಸದ ಸೊಗಸು: ಹುಡ್ಡಿನ ಬಾಗಿಲುಗಳ ಕೀಲು, ಹಿಡಿಕೆ, ಗಾಳಿಗಿಂಡಿಯ ಪಟ್ಟಿಗಳು, ಒಂದೊಂದೂ ಬೆರಳಿನ ತುದಿಗೆ ಸಿಗುವಷ್ಟು ಚೂಪು. ದಪ್ಪ ಬಣ್ಣ ಬಳಿದರೆ ಇದೆಲ್ಲ ಮುಚ್ಚಿಹೋಗುತ್ತದೆ.

ಕೆಂಪು ಬಣ್ಣಕ್ಕೆ ಜೆ.ಸಿ. ರೋಡಿಗೆ ಹೋದೆ. ಅಲ್ಲಿ ಕಾರಿನ ಬಣ್ಣ ಬೆರೆಸಿಕೊಡುವ ಅಂಗಡಿಗಳಿವೆಯಲ್ಲ. ಜರ್ಮನಿಯಲ್ಲಿ ಬಣ್ಣಗಳಿಗೆಲ್ಲ ನಂಬರು ಕೊಡುವ ರಾಲ್ ಪಟ್ಟಿ 1927ರಲ್ಲಿ 40 ಬಣ್ಣಗಳಿಂದ ಶುರುವಾದದ್ದು. ಬಾಷ್‌ನವರು ಡೀಸೆಲ್ ಪಂಪಿನ ತಯಾರಿಕೆ ಆರಂಭಿಸಿದ್ದೂ ಅದೇ ವರ್ಷ, ಇದು ನನ್ನಂಥವನಿಗೆ ಮಾತ್ರ ಖುಷಿ ಕೊಡುವ ಕಾಕತಾಳೀಯ. ವಿ 60ರ ಹಳೆಯ ಕೆಂಪು ಆ ಪಟ್ಟಿಯಲ್ಲಿ 3004. ಅಂಗಡಿಯ ಹುಡುಗ "ಯಾವ ಗಾಡಿಗೆ ಸಾರ್?" ಎಂದ. "ರೈಲಿಗೆ." ಅವನು ಮುಖ ನೋಡಿದ. "ಎಷ್ಟು ಲೀಟರ್?" "ಐವತ್ತು ಎಂಎಲ್ ಸಾಕಪ್ಪ." ಆಮೇಲೆ ಅವನು ನನ್ನನ್ನು ಗಿರಾಕಿಯೆಂದು ತಿಳಿಯದೆ ಅತಿಥಿಯೆಂದು ತಿಳಿದು ಟೀ ತರಿಸಿದ. ರಾಲ್ ಕಾರ್ಡಿನ ಬಣ್ಣಕ್ಕೆ ತನ್ನ ಬಣ್ಣ ಕೂರಿಸಿಕೊಟ್ಟ, ಎಳ್ಳಷ್ಟೂ ಹೆಚ್ಚುಕಮ್ಮಿಯಿಲ್ಲ.

ಆದರೆ ಸರಿಯಾದ ಬಣ್ಣವೇ ಮಾಡೆಲ್ಲಿಗೆ ತಪ್ಪು ಬಣ್ಣ. ಒಂದು ಅಡಿ ದೂರದಿಂದ ಈ ಎಂಜಿನ್ನನ್ನು ನೋಡುವುದೆಂದರೆ ನಿಜವಾದದ್ದನ್ನು 87 ಅಡಿ ಆಚೆಯಿಂದ ನೋಡಿದಂತೆ. ಅಷ್ಟು ದೂರಕ್ಕೆ ಯಾವ ಬಣ್ಣವಾದರೂ ತುಸು ಮಂಕಾಗಿ, ತಿಳಿಯಾಗಿ ಕಾಣುತ್ತದೆ. ಅದರ ಮೇಲೆ ಕೆಂಪಿನ ಸ್ವಭಾವವೇ ಬೇರೆ: ಬಿಸಿಲಿಗೆ ಮೇಲ್ಪದರ ಸತ್ತು, ಬೆರಳಿಗೆ ಪುಡಿ ಹತ್ತುವಂತಾಗಿ, ಗುಲಾಬಿಗೆ ತಿರುಗುತ್ತದೆ. ಅದಕ್ಕೇ ಒಂದೇ ಕೆಂಪು ಹೊಡೆಯಲಿಲ್ಲ. ಪ್ರೈಮರ್ ಗಟ್ಟಿಯಾಗಿ ಕೂತ ಮೇಲೆ, ಕಾರಿನ ಬಣ್ಣ ಪ್ಲಾಸ್ಟಿಕ್ಕನ್ನು ತಿನ್ನದಂತೆ ತೆಳುವಾಗಿ, ಮೊದಲು ಹುಡುಗ ಕೊಟ್ಟ ಕೆಂಪು. ಆಮೇಲೆ ಅದಕ್ಕೆ ಬಿಳಿಯನ್ನೂ ಚೂರು ತಿಳಿಕಂದನ್ನೂ ಸೇರಿಸುತ್ತ ಹೋಗಿ, ಬಿಸಿಲು ನೇರ ಬೀಳುವ ಹುಡ್ಡಿನ ಮೇಲ್ಭಾಗಕ್ಕೆ ಹೆಚ್ಚು, ಪಕ್ಕಗಳಿಗೆ ಕಡಿಮೆ, ಹಲಗೆಯ ನೆರಳಿನಲ್ಲಿರುವ ಕೆಳಗಿನ ಅಂಚಿಗೆ ಏನೂ ಇಲ್ಲ. ನಂಬರಿನ ಮೊದಲ ಮತ್ತು ಕೊನೆಯ ಅಂಕಿಯ ಜಾಗಕ್ಕೆ ಮಾಸ್ಕಿಂಗ್ ಟೇಪಿನ ಚೂರು ಅಂಟಿಸಿ ಆ ಎರಡು ಚೌಕವನ್ನು ಮಾತ್ರ ಹಳೆಯ ಕಡುಗೆಂಪಿನಲ್ಲೇ ಉಳಿಸಿದೆ. ಇದೆಲ್ಲ ಮಳೆಗಾಲ ಬಿಟ್ಟು ಮಾಡಬೇಕು. ಬೆಂಗಳೂರಿನ ಜುಲೈಯಲ್ಲಿ ಥಿನ್ನರ್ ಆರುವಾಗ ತಣ್ಣಗಾಗಿ ಗಾಳಿಯ ತೇವವನ್ನೆಲ್ಲ ಎಳೆದುಕೊಳ್ಳುತ್ತದೆ, ಬಣ್ಣದ ಮೇಲೆ ಬೂಷ್ಟು ಬಂದ ಹಾಗೆ ಬಿಳಿ ಕಟ್ಟುತ್ತದೆ.

ಏರ್‌ಬ್ರಷ್ ಕೈಗೆ ಬಂದಾಗ ನನಗೆ ಹೊಸತೇನೂ ಅನ್ನಿಸಲಿಲ್ಲ. ಸೂಜಿ, ಅದರ ಮುಂದೆ ಸಣ್ಣ ರಂಧ್ರ, ಒತ್ತಡ, ಚದುರಿ ಹೋಗುವ ದ್ರವ. ಜೀವಮಾನವೆಲ್ಲ ಇದನ್ನೇ ತಾನೇ ನೋಡಿದ್ದು! ಡೀಸೆಲ್ ನಾಝಲ್ಲು ಬಾಯಿ ಬಿಡಲು ಸುಮಾರು 200 ಬಾರ್ ಬೇಕು, ಇದಕ್ಕೆ ಒಂದು ಬಾರ್ ಸಾಕು. ಸೂಜಿಯ ತುದಿಗೆ ಒಣಗಿದ ಬಣ್ಣ ಅಂಟಿದರೆ ಇದೂ ಒಸರುತ್ತದೆ, ಉಗುಳುತ್ತದೆ. ಸದ್ದಿನಿಂದಲೇ ಗೊತ್ತಾಗುತ್ತದೆ.

ಇಷ್ಟಕ್ಕೇ ಬಿಟ್ಟಿದ್ದರೆ ಹೆಂಡತಿಯೂ ಮೆಚ್ಚುತ್ತಿದ್ದಳು. ಮಸಿಯ ಅಧ್ಯಾಯ ಇಲ್ಲಿಂದ ಮುಂದಿನದು, ನನಗೆ ನಿಜವಾದ ರುಚಿ ಹತ್ತಿದ್ದೂ ಅದರಲ್ಲೇ.

ಮಾಡೆಲ್ ರೈಲಿನ ಹವ್ಯಾಸಿಗಳಲ್ಲಿ ಬಹುಮಂದಿ ಎಂಜಿನ್ನನ್ನು ಹಳೆಯದು ಮಾಡುವುದೆಂದರೆ ತುಕ್ಕು ಬಳಿಯುವುದು ಎಂದುಕೊಂಡಿದ್ದಾರೆ. ಕಿತ್ತಳೆ ಬಣ್ಣದ ಬೊಟ್ಟುಗಳನ್ನು ಎಲ್ಲೆಂದರಲ್ಲಿ ಇಟ್ಟು, ಮೇಲಿನಿಂದ ಕಂದು ನೀರು ಸುರಿದು, ಗುಜರಿ ಅಂಗಡಿಯ ಮಾಲು ಮಾಡಿಡುತ್ತಾರೆ. ನನಗೆ ಅದು ಒಪ್ಪುವುದಿಲ್ಲ. ದಿನವೂ ದುಡಿಯುವ ಎಂಜಿನ್ ತುಕ್ಕು ಹಿಡಿಯುವುದು ನೀರು ನಿಲ್ಲುವ ಮೂಲೆಯಲ್ಲಿ, ಬಣ್ಣ ಕಿತ್ತುಹೋದ ಅಂಚಿನಲ್ಲಿ, ಅಷ್ಟೇ. ಉಳಿದದ್ದು ತುಕ್ಕಲ್ಲ, ಕೆಲಸದ ಕೊಳೆ. ಕೊಳೆ ತಾನಾಗಿ ಹುಟ್ಟುವುದಿಲ್ಲ. ಒಂದೊಂದು ಕಲೆಗೂ ಯಾರೋ ಏನೋ ಮಾಡಿರಬೇಕು. ಕಾರ್ಖಾನೆಯಲ್ಲಿ ವಾಪಸು ಬಂದ ಪಂಪನ್ನು ಬಿಚ್ಚಿ ಅದರ ಕಲೆ ನೋಡಿ ಏನಾಗಿರಬಹುದೆಂದು ಹೇಳುತ್ತಿದ್ದೆವು. ಇಲ್ಲಿ ಅದನ್ನೇ ತಿರುವುಮುರುವಾಗಿ ಮಾಡಬೇಕು: ಏನಾಗಿರಬಹುದೆಂದು ಮೊದಲು ಯೋಚಿಸಿ, ಆಮೇಲೆ ಕಲೆ ಹಾಕಬೇಕು.

ದಿಕ್ಕು ಮೊದಲ ವಿಚಾರ. ಲೈನಿನ ಎಂಜಿನ್ ಗಂಟೆಗಟ್ಟಲೆ ಜೋರಾಗಿ ಓಡುತ್ತದೆ, ಅದರ ಮೈಮೇಲೆ ಧೂಳು, ಮಳೆ, ಎಣ್ಣೆ ಎಲ್ಲವೂ ಹಿಂದಕ್ಕೆ ಎಳೆದ ಗೀಟುಗಳಾಗುತ್ತವೆ. ಶಂಟಿಂಗ್ ಎಂಜಿನ್ ನಡಿಗೆಯ ವೇಗದಲ್ಲಿ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಹೋಗುವಂಥದ್ದು, ಹೆಚ್ಚು ಹೊತ್ತು ನಿಂತೇ ಇರುವಂಥದ್ದು. ಅದರ ಕೊಳೆ ನೇರ ಕೆಳಗಿಳಿಯುತ್ತದೆ. ಗಾಳಿಗಿಂಡಿಯ ಮೂಲೆಯಿಂದ, ಬಾಗಿಲ ಕೀಲಿನಿಂದ, ಕಿಟಕಿಯ ಕೆಳತುದಿಯಿಂದ ಲಂಬವಾಗಿ ಇಳಿದ ಸಣ್ಣ ಗೀರುಗಳು. ತೆಳು ಕಂದು ಬಣ್ಣವನ್ನು ಸಣ್ಣ ಕುಂಚದಲ್ಲಿ ಎಳೆದು, ಥಿನ್ನರಿನಲ್ಲಿ ಅದ್ದಿದ ಇನ್ನೊಂದು ಕುಂಚದಿಂದ ಕೆಳಮುಖವಾಗಿ ಅಳಿಸಿದರೆ ಮಳೆನೀರು ಹರಿದ ಗುರುತಷ್ಟೇ ಉಳಿಯುತ್ತದೆ.

ಆಮೇಲೆ ಬ್ರೇಕು. ಎರಕದ ಕಬ್ಬಿಣದ ಬ್ರೇಕ್ ಕಟ್ಟೆ ಚಕ್ರಕ್ಕೆ ಉಜ್ಜಿದಾಗಲೆಲ್ಲ ಕಬ್ಬಿಣದ ಹುಡಿ ಉದುರುತ್ತದೆ. ಗಾಳಿಗೆ ಅದು ಕಂದಾಗಿ, ಎಣ್ಣೆಯ ಪಸೆ ಇರುವ ಕಡೆಯೆಲ್ಲ ಅಂಟಿ ಕೂರುತ್ತದೆ. ರೈಲು ಹಳಿಯ ಪಕ್ಕದ ಜಲ್ಲಿ ಕೂಡ ಕಂದಾಗಿರುವುದು ಇದರಿಂದಲೇ. ಶಂಟಿಂಗ್ ಎಂಜಿನ್ ದಿನಕ್ಕೆ ಎಷ್ಟು ಸಲ ಬ್ರೇಕು ಹಾಕುತ್ತದೆ ಯೋಚಿಸಿ. ಹಾಗಾಗಿ ಚಕ್ರದ ಸುತ್ತಮುತ್ತಲಿನ ಕಪ್ಪು ಕಪ್ಪಾಗಿ ಉಳಿಯುವುದಿಲ್ಲ, ಕಾಫಿಪುಡಿಯ ಕಂದಿಗೆ ತಿರುಗುತ್ತದೆ. ರಾಡುಗಳ ಮೇಲೆ ಮಾತ್ರ ಬೇರೆ ಲೆಕ್ಕ: ಅಲ್ಲಿ ಎಣ್ಣೆ ಬಿಡುತ್ತಿರುತ್ತಾರೆ, ಕೀಲುಗಳ ಸುತ್ತ ಕರ್ರಗಿನ ಮಿರುಗು ಬೇಕು. ಬಫರಿನ ತಟ್ಟೆಯ ನಡುವೆ ಗ್ರೀಸಿನ ಗುಂಡನೆ ಕಲೆ, ಇನ್ನೊಂದು ಬಫರು ಉಜ್ಜಿ ಉಜ್ಜಿ ಅದರ ಅಂಚು ಹೊಳಪು.

ಮಸಿಗೆ ಬರುತ್ತೇನೆ. ಶಂಟಿಂಗ್ ಎಂಜಿನ್ನಿನ ಹಣೆಬರಹವೇ ಐಡ್ಲಿಂಗ್. ಭಾರವಿಲ್ಲದೆ ಸುಮ್ಮನೆ ತಿರುಗುವ ಡೀಸೆಲ್ ಎಂಜಿನ್ ತಣ್ಣಗಿರುತ್ತದೆ, ಎಣ್ಣೆ ಸರಿಯಾಗಿ ಉರಿಯುವುದಿಲ್ಲ, ಜಿಡ್ಡಾಗಿ ಸೈಲೆನ್ಸರಿನ ಒಳಗೇ ಕೂರುತ್ತದೆ. ಆಮೇಲೆ ಹತ್ತು ಬೋಗಿ ಸಿಕ್ಕಿಸಿ ಡ್ರೈವರ್ ಒಮ್ಮೆಲೇ ಹ್ಯಾಂಡಲ್ ಎಳೆಯುತ್ತಾನೆ. ಎಣ್ಣೆ ಮೊದಲು ಬರುತ್ತದೆ, ಅದಕ್ಕೆ ಬೇಕಾದ ಗಾಳಿ ಹಿಂದೆ ಬೀಳುತ್ತದೆ, ಭಕ್ ಎಂದು ಕಪ್ಪು ಹೊಗೆ, ಅದರ ಜೊತೆಗೆ ಅಷ್ಟು ಹೊತ್ತು ಕೂತಿದ್ದ ಜಿಡ್ಡೂ. ಸ್ಟುಟ್‌ಗಾರ್ಟಿನ ಬೆಂಚಿನ ಮೇಲೆ ಕೂತು ನಾನು ಮೂಸಿದ್ದು ಇದನ್ನೇ. ಇದರ ಕಲೆ ಒಣ ಕಪ್ಪಲ್ಲ. ಸೈಲೆನ್ಸರಿನ ಬಾಯಿಯ ಹತ್ತಿರ ಜಿಡ್ಡಿನ ಹೊಳಪಿರುವ ಕಪ್ಪು, ದೂರ ಹೋದಂತೆ ಮಂಕಾದ, ಕಂದು ಬೆರೆತ ಕಪ್ಪು, ಆಚೆಗೆ ಬರೀ ಮಬ್ಬು. ಏರ್‌ಬ್ರಷ್ಷಿನಲ್ಲಿ ಮಬ್ಬು ಹೊಡೆದು, ಒಣ ಪ್ಯಾಸ್ಟೆಲ್ ಕಡ್ಡಿಯನ್ನು ಸ್ಯಾಂಡ್‌ಪೇಪರಿಗೆ ಉಜ್ಜಿ ಬಂದ ಪುಡಿಯನ್ನು ಮೆತ್ತನೆಯ ಕುಂಚದಿಂದ ಒತ್ತಿ, ಬಾಯಿಯ ಸುತ್ತ ಮಾತ್ರ ಹೊಳಪಿನ ವಾರ್ನಿಷ್ ಒಂದು ಹನಿ. ಇಷ್ಟು ಸಣ್ಣ ಜಾಗ ನನಗೆ ಬಹಳ ದಿನ ಹಿಡಿಸಿತು. ಜೀವಮಾನವೆಲ್ಲ ಇದೇ ಕಲೆ ಬೀಳದಿರಲೆಂದು ದುಡಿದವನಿಗೆ ಅದು ಎಲ್ಲಿ ಎಷ್ಟು ಬೀಳುತ್ತದೆಂಬ ಲೆಕ್ಕವಾದರೂ ಚೆನ್ನಾಗಿ ಗೊತ್ತಿರಬೇಕಲ್ಲ.

ನಮ್ಮ ಬೀದಿಯಲ್ಲಿ ರೈಲ್ವೆಯಿಂದ ನಿವೃತ್ತರಾದ ಲೋಕೋ ಡ್ರೈವರ್ ಒಬ್ಬರಿದ್ದಾರೆ, ಕೆ.ಆರ್. ಪುರದ ಡೀಸೆಲ್ ಶೆಡ್ಡಿನ ಎಂಜಿನ್ನುಗಳನ್ನು ಓಡಿಸಿದವರು. ಕೆಲಸ ಮುಕ್ಕಾಲಾದಾಗ ಅವರನ್ನು ಕರೆದು ತೋರಿಸಿದೆ. ಕನ್ನಡಕವನ್ನು ಹಣೆಗೇರಿಸಿ, ಎಂಜಿನ್ನನ್ನು ಮೂಗಿನ ಹತ್ತಿರ ಹಿಡಿದು, ನಿಧಾನವಾಗಿ ತಿರುಗಿಸಿದರು. ಹೊಗಳುತ್ತಾರೆಂದು ಕಾದೆ.

"ಮರಳು ಎಲ್ರೀ?"

"ಯಾವ ಮರಳು?"

"ಚಕ್ರ ಜಾರಬಾರ್ದು ಅಂತ ಹಳಿ ಮೇಲೆ ಮರಳು ಬಿಡಲ್ವೇ? ಪೆಟ್ಟಿಗೆಗೆ ತುಂಬಿಸೋವಾಗ ಅರ್ಧ ಹೊರಗೇ ಚೆಲ್ಲುತ್ತೆ. ನಮ್ಮ ಶೆಡ್ಡಲ್ಲಿ ಮರಳು ಒಣಗಿಸಿ ತುಂಬಿಸ್ತಿದ್ರು. ಆ ಪೆಟ್ಟಿಗೆ ಕೆಳಗೆ ಯಾವಾಗ್ಲೂ ಬೆಳ್ಳಗೆ ಇರೋದು."

ನಾನು ತಲೆಯಾಡಿಸಿದೆ. ಅವರು ಮೂಲೆಯ ಮೆಟ್ಟಿಲುಗಳನ್ನು ನೋಡಿದರು. ಅಲ್ಲಿ ಬಣ್ಣ ಸವೆದು ಉಕ್ಕು ಕಾಣುವಂತೆ ಪೆನ್ಸಿಲ್ಲಿನ ಸೀಸವನ್ನು ಉಜ್ಜಿದ್ದೆ, ಶಂಟಿಂಗಿನವನು ಮೆಟ್ಟಿಲ ಮೇಲೆ ನಿಂತು ಕಂಬಿ ಹಿಡಿದುಕೊಂಡೇ ಹೋಗುವುದರಿಂದ. "ಇದು ಸರಿ" ಎಂದರು. ಆಮೇಲೆ ಗೂಡಿನ ಪಕ್ಕದ ಕಿಟಕಿಯ ಮೇಲೆ ಉಗುರು ಇಟ್ಟರು.

"ಇಲ್ಲಿ ಮೊಣಕೈ ಬೇಕು."

"ಸಾರ್?"

"ಕಪ್ಲಿಂಗ್ ಹಾಕೋನ ಕೈಸನ್ನೆ ನೋಡ್ಬೇಕು ಅಂದ್ರೆ ಡ್ರೈವರ್ ತಲೆ ಹೊರಗೆ ಹಾಕ್ಕೊಂಡೇ ಇರ್ಬೇಕು. ಎಂಟು ಗಂಟೆ ಡ್ಯೂಟಿ ಇದೇ ಕಿಟಕಿ ಮೇಲೆ ಮೊಣಕೈ. ಬಣ್ಣ ನಿಲ್ಲುತ್ತಾ ಇಲ್ಲಿ? ಹೊಳೀತಾ ಇರುತ್ತೆ." ಎಂದು ತಮ್ಮ ಎಡಮೊಣಕೈಯನ್ನು ನಮ್ಮ ಮೇಜಿನ ಅಂಚಿಗೆ ಊರಿ, ಕತ್ತು ಹೊರಗೆ ಚಾಚಿ, ಇಲ್ಲದ ಯಾರ್ಡಿನ ಕೊನೆಯವರೆಗೆ ನೋಡಿದರು. ನನ್ನ ಹೆಂಡತಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ನಗುತ್ತಿದ್ದಳು.

ಕಿಟಕಿಯ ಕೆಳಗಿನ ಪಟ್ಟಿಗೆ, ಅಂದರೆ ನಾಲ್ಕೈದು ಮಿಲಿಮೀಟರ್ ಜಾಗಕ್ಕೆ, ಪೆನ್ಸಿಲ್ ಸೀಸ ತೇದು ಬಟ್ಟೆಯಿಂದ ಉಜ್ಜಿದೆ. ಎರಡು ಕಡೆಯೂ ಮಾಡಿದೆ, ಶಂಟಿಂಗಿನವನು ಯಾವ ಕಡೆ ಬೇಕಾದರೂ ಇರಬಹುದು. ಮರಳು ಪೆಟ್ಟಿಗೆಯ ಕೆಳಗೆ ತಿಳಿಬೂದಿ ಪುಡಿ. ಡೀಸೆಲ್ ತುಂಬುವ ಬಾಯಿಯ ಕೆಳಗೆ ಚೆಲ್ಲಿದ ಎಣ್ಣೆಗೆ ಧೂಳು ಹತ್ತಿದ ಕಲೆ, ಇದನ್ನು ಅವರು ಹೇಳಬೇಕಾಗಲಿಲ್ಲ. ಮುಂದಿನ ಗಾಜಿಗೆ ತೆಳು ಧೂಳು ಹೊಡೆದು ವೈಪರ್ ಓಡುವಷ್ಟನ್ನು ಮಾತ್ರ ಒರೆಸಿದೆ. ಕೊನೆಗೆ ಎಲ್ಲದರ ಮೇಲೂ ವಾರ್ನಿಷ್ ಹೊಡೆಯುವವರಿದ್ದಾರೆ, ಪುಡಿ ಉದುರದಿರಲೆಂದು. ನಾನು ಹೊಡೆಯಲಿಲ್ಲ. ವಾರ್ನಿಷ್ ಬಿದ್ದರೆ ಪುಡಿಯ ಅರ್ಧ ಮಾಯವಾಗುತ್ತದೆ, ಉಳಿದರ್ಧ ಕೆಸರಾಗುತ್ತದೆ. ಬದಲಿಗೆ ಎಂಜಿನ್ನನ್ನು ಹಿಡಿಯಬೇಕಾದರೆ ಬಫರನ್ನೇ ಹಿಡಿಯಬೇಕೆಂದು ಮನೆಯಲ್ಲಿ ಕಾನೂನು ಮಾಡಿದ್ದೇನೆ. ಮೊಮ್ಮಗನಿಗೂ ರಿಯಾಯಿತಿಯಿಲ್ಲ.

ಸುದ್ದಿ ಹೇಗೋ ಹರಡಿತು. ಹೋದ ವರ್ಷ ಹಳೆಯ ಸಹೋದ್ಯೋಗಿಯೊಬ್ಬರು, ಮಗಳ ಮನೆಗೆಂದು ಜರ್ಮನಿಗೆ ಹೋಗಿ ಬಂದವರು, ಪೆಟ್ಟಿಗೆಯೊಂದನ್ನು ಹಿಡಿದುಕೊಂಡು ಬಂದರು. ಹೊಸಾ ವಿ 60, ಈಚಿನ ಕಾಲದ ಬಣ್ಣ, ಕಣ್ಣು ಕುಕ್ಕುವ ಕೆಂಪು. "ನಿಮ್ಮದಕ್ಕೆ ಮಾಡಿದಂಗೆ ಇದಕ್ಕೂ ಒಂಚೂರು ಹಳೇ ಕಳೆ ಕೊಡಿ" ಎಂದರು.

"ಕೊಡೋಣ. ಎಲ್ಲಿ ಓಡೋ ಗಾಡಿ ಇದು? ಸ್ಟೇಷನ್ನೋ, ಬಂದರೋ, ಗೂಡ್ಸ್ ಯಾರ್ಡೋ? ಹೊರಗೆ ನಿಲ್ಲುತ್ತೋ ಶೆಡ್ಡಲ್ಲೋ? ಬ್ರೇಕ್ ಕಟ್ಟೆ ಯಾವುದು?"

ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. "ಎಲ್ಲೂ ಓಡಲ್ಲ ಮಾರಾಯ್ರೆ. ನಮ್ಮನೆ ಹಾಲಲ್ಲಿ ಟೀವಿ ಪಕ್ಕ ನಿಂತಿರುತ್ತೆ."

"ಹಾಗಿದ್ರೆ ನನ್ನ ಕೆಲಸ ಏನೂ ಇಲ್ಲ" ಎಂದೆ. "ಒಂದು ಆರು ತಿಂಗಳು ಒರೆಸಬೇಡಿ, ಅಷ್ಟೇ."